ತೋಡರ ಪುತ್ತುಕುಳಿ: ಹಬ್ಬಕ್ಕೂ ಅದೇ, ಸಾವಿಗೂ ಅದೇ

ಊಟಿಗೆ ಹೋಗಿ ಬಂದೋರ ಫೋಟೋಗಳಲ್ಲಿ ಬಿಳಿ ದಪ್ಪ ಬಟ್ಟೆ ಮೇಲೆ ಕೆಂಪು-ಕಪ್ಪು ಕಸೂತಿ ಇರೋ ಶಾಲು ನೋಡಿರ್ತೀರ. ಕೆಳಗೊಂದು ಕ್ಯಾಪ್ಷನ್ ಬೇರೆ, ಬಿಳಿ ಅಂದ್ರೆ ಶುದ್ಧಿ, ಕೆಂಪು ಅಂದ್ರೆ ರಕ್ತ, ಕಪ್ಪು ಅಂದ್ರೆ ಇನ್ನೇನೋ. ಹೀಗೆ ಬಣ್ಣಕ್ಕೊಂದು ಅರ್ಥ ಅಂಟಿಸೋದು ನಂಗ್ಯಾಕೋ ಸರಿ ಕಾಣಲ್ಲ. ಈ ಶಾಲಿನ ಹೆಸರು ಪುತ್ತುಕುಳಿ, ನೀಲಗಿರಿ ಬೆಟ್ಟದಲ್ಲಿ ಎಮ್ಮೆ ಸಾಕ್ಕೊಂಡು ಬಂದಿರೋ ತೋಡ ಬುಡಕಟ್ಟಿನ ಜನರದ್ದು. ಇದು ಅರ್ಥ ಆಗ್ಬೇಕಂದ್ರೆ ಅದನ್ನ ಯಾವಾಗ ಹೊದೀತಾರೆ, ಯಾರಿಗೆ ಹೊದಿಸ್ತಾರೆ ಅಂತ ನೋಡ್ಬೇಕು.

ಗಂಡಸ್ರು ಹೆಂಗಸ್ರು ಇಬ್ರೂ ಹೊದೀತಾರೆ, ಆದ್ರೆ ಕಸೂತಿ ಪೂರ್ತಿ ಹೆಂಗಸ್ರದ್ದು. ಬಟ್ಟೆ ಅವ್ರು ನೇಯಲ್ಲ, ಹೊರಗಿಂದ ತರಿಸ್ಕೊಳ್ತಾರೆ. ಪೆನ್ಸಿಲ್ ಗುರುತಿಲ್ಲ, ಫ್ರೇಮ್ ಇಲ್ಲ, ಬಟ್ಟೆಯ ಎಳೆ ಎಣಿಸ್ಕೊಂಡೇ ಸೂಜಿ ಹಾಕೋದು, ಹಾಕುವಾಗ ದಾರಾನ ಬಿಗಿಯಾಗಿ ಎಳೀದೆ ಸಣ್ಣ ಕುಣಿಕೆ ಬಿಡ್ತಾರೆ, ಹಾಗಾಗಿ ಒಂದು ಬದಿ ನುಣ್ಣಗೆ, ಇನ್ನೊಂದು ಬದಿ ಕೈಗೆ ಸಿಗೋ ಹಾಗೆ ಉಬ್ಬುಬ್ಬು. ಆ ಉಬ್ಬಿರೋ ಬದೀನೇ ಅವ್ರಿಗೆ ಮೇಲ್ಭಾಗ! ನಾವಾಗಿದ್ರೆ ಒಳಗೆ ಮಡಚಿ ಹಾಕ್ತಿದ್ವಿ.

ಡಿಸೈನ್‌ಗಳಲ್ಲಿ ಎಮ್ಮೆ ಕೊಂಬು ಇರ್ಲೇಬೇಕು ಬಿಡಿ, ಹಾಲಿನ ಮನೆಯನ್ನೇ ಗುಡಿ ಅಂತ ನಡ್ಕೊಳ್ಳೋ ಜನ ಅವ್ರು. ಊಟಿ ಹತ್ರದ ಮುತ್ತನಾಡು ಮಂದ್‌ನಲ್ಲಿ (ಮಂದ್ ಅಂದ್ರೆ ತೋಡರ ಹಟ್ಟಿ) ವರ್ಷಕ್ಕೊಮ್ಮೆ ಚಳಿಗಾಲದ ಹಬ್ಬಕ್ಕೆ ಗಂಡಸ್ರೆಲ್ಲ ಇದನ್ನೇ ಹೊದ್ದು ಗುಡಿ ಮುಂದೆ ಕುಣೀತಾರೆ, ದುಂಡು ಕಲ್ಲು ಎತ್ತಿ ಬಲ ತೋರಿಸ್ತಾರೆ.

ಯಾರಾದ್ರೂ ತೀರ್ಕೊಂಡ್ರೂ ಪುತ್ತುಕುಳಿಯಲ್ಲೇ ಸುತ್ತಿ ಕಳಿಸೋದು. ಸತ್ತೋರ ಲೋಕ ಪಶ್ಚಿಮಕ್ಕಿದೆ, ಅಲ್ಲೂ ಇಲ್ಲಿನ ಹಾಗೇ ಎಮ್ಮೆ ಮೇಯಿಸ್ಕೊಂಡು ಬದುಕು ಅಂತ ಅವ್ರ ನಂಬಿಕೆ, ಜೊತೆಗಿರ್ಲಿ ಅಂತಾನೇ ಹಿಂದೆ ಎಮ್ಮೆ ಬಲಿ ಕೊಡ್ತಿದ್ದಿದ್ದು. ಅಂದ್ಮೇಲೆ ಅದು ನಾವು ಅಂದ್ಕೊಳ್ಳೋ ಥರದ ಹೆಣದ ಬಟ್ಟೆ ಅಲ್ಲ, ಆಚೆ ಹೋದ ಮೇಲೂ ತೋಡನಾಗೇ ಇರೋಕೆ ಬೇಕಾದ ಉಡುಪು. ಬಣ್ಣದ ಅರ್ಥ ಹುಡುಕೋರು ಇದನ್ನ ಬಿಟ್ಟೇ ಬಿಡ್ತಾರೆ.

2013ರಲ್ಲಿ ಈ ಕಸೂತಿಗೆ ಜಿಐ ಟ್ಯಾಗ್, ಅಂದ್ರೆ ಇದು ಈ ಜಾಗದ್ದೇ ಅನ್ನೋ ಕಾನೂನಿನ ಗುರುತು, ಸಿಕ್ತು. ಈಗ ಪರ್ಸು, ಮೊಬೈಲ್ ಪೌಚ್ ಮೇಲೂ ಬರ್ತಿದೆ, ಹೊಲಿಯೋ ಹೆಂಗಸ್ರಿಗೆ ನಾಲ್ಕು ಕಾಸು ಆಗೋದಾದ್ರೆ ನನ್ನ ತಕರಾರಿಲ್ಲ. ಪ್ರಿಂಟ್ ಮಾಡಿದ ಡೂಪ್ಲಿಕೇಟ್ ಬಗ್ಗೆ ಮಾತ್ರ ಇದೆ. ತಗೊಳ್ಳೋ ಮುಂಚೆ ಮೇಲೆ ಕೈಯಾಡಿಸಿ ನೋಡಿ, ಕುಣಿಕೆ ಸಿಗದಿದ್ರೆ ವಾಪಸ್ ಇಟ್ಬಿಡಿ.