ರಾತ್ರಿ ಎರಡು ಗಂಟೆಗೆ ವಾಲ್ಕಿರಿ

ನಿದ್ದೆ ಬರಲಿಲ್ಲ. ಸುಮ್ನೆ ಹಳೇ ವಿಮಾನಗಳ ಫೋಟೋ ನೋಡುತ್ತಾ ಕೂತೆ. ಸುತ್ತಿ ಸುತ್ತಿ ಮತ್ತೆ ಎಕ್ಸ್‌ಬಿ-70 ವಾಲ್ಕಿರಿ ಹತ್ತಿರವೇ ಬಂದು ನಿಂತೆ. ಅಮೆರಿಕದ ಬಾಂಬರ್. ಆದರೆ ಮೈಯೆಲ್ಲಾ ಬಿಳಿ, ಕತ್ತು ಚಾಚಿದ ಹಂಸದ ಹಾಗಿದೆ. ಪಾಪ, ಹಾರುವ ಮೊದಲೇ ಕ್ಷಿಪಣಿಗಳ ಕಾಲ ಬಂದು ಬಾಂಬರ್ ಕೆಲಸ ತಪ್ಪಿಹೋಗಿತ್ತು. 1964ರಲ್ಲಿ ಹಾರಿದ್ದು ಬರೀ ಪ್ರಯೋಗಕ್ಕೆ.

ಹಿಂದೆ ಸಾಲಾಗಿ ಆರು ಎಂಜಿನ್. ಮರುವರ್ಷವೇ ಶಬ್ದದ ಮೂರು ಪಟ್ಟು ವೇಗ! ನನಗೆ ಜಾಸ್ತಿ ಇಷ್ಟ ಅದರ ರೆಕ್ಕೆಯ ತುದಿಗಳು. ವೇಗ ಏರಿದ ಹಾಗೆ ಕೆಳಕ್ಕೆ ಮಡಚಿಕೊಳ್ಳುತ್ತಿದ್ದವು, 65 ಡಿಗ್ರಿವರೆಗೆ. ತಾನೇ ಎಬ್ಬಿಸಿದ ಆಘಾತದ ಅಲೆಯ (ವೇಗಕ್ಕೆ ಒತ್ತಿಕೊಂಡ ಗಾಳಿಯ) ಮೇಲೆ ತಾನೇ ಸವಾರಿ. ಸ್ಲೈಡ್ ರೂಲ್ ಅನ್ನೋ ಜಾರುಪಟ್ಟಿಯಲ್ಲಿ ಲೆಕ್ಕ ಹಾಕುತ್ತಿದ್ದ ಕಾಲದವರ ತಲೆ ನೋಡಿ!

ಕಟ್ಟಿದ್ದು ಎರಡೇ. 1966ರ ಜೂನ್ 8ರಂದು ಒಂದು ಹೋಯಿತು. ಯುದ್ಧದಲ್ಲಲ್ಲ, ಫೋಟೋ ತೆಗೆಸಿಕೊಳ್ಳುವಾಗ. ಪಕ್ಕದಲ್ಲಿದ್ದ ಎಫ್-104 ಫೈಟರ್ ಜೆಟ್ ತಗುಲಿ ಎರಡೂ ಬಿದ್ದವು. ಇಬ್ಬರು ಪೈಲಟ್‌ಗಳು ತೀರಿಕೊಂಡರು. ಐದು ವಿಮಾನ ಒಟ್ಟಿಗೆ ಹಾರುವ ಚಿತ್ರವೊಂದನ್ನು ವರ್ಷಗಟ್ಟಲೆ ವಾಲ್‌ಪೇಪರ್ ಮಾಡಿಕೊಂಡಿದ್ದೆ. ಅದು ಆ ದಿನದ್ದೇ ಅಂತ ಆಮೇಲೆ ಗೊತ್ತಾಯಿತು. ತೆಗೆದುಬಿಟ್ಟೆ.

ಉಳಿದದ್ದು ಓಹಾಯೋದ ಡೇಟನ್‌ನ ಮ್ಯೂಸಿಯಂನಲ್ಲಿದೆ. ಒಮ್ಮೆ ಅದರ ಹೊಟ್ಟೆಯ ಕೆಳಗೆ ನಿಲ್ಲಬೇಕು. ವಿಮಾನದ ಟಿಕೆಟ್ ರೇಟ್ ನೋಡಿ ಫೋನ್ ಮಗುಚಿ ಮಲಗಿದೆ.