ಕಲ್ಚರ್ ಪ್ಲೇಟಿನ ವೃತ್ತಗಳನ್ನು ಓದುವ ಬಗೆ

ಮೈಕ್ರೋಬಯಾಲಜಿ ಪ್ರಯೋಗಾಲಯಕ್ಕೆ ಹೊಸದಾಗಿ ಬರುವ ವಿದ್ಯಾರ್ಥಿಗಳು ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಬೆಳೆದ ಪ್ಲೇಟನ್ನು ಬೆಳಕಿಗೆ ಹಿಡಿದು, ಅದರ ಮೇಲಿಟ್ಟ ಡಿಸ್ಕುಗಳಲ್ಲಿ (ಔಷಧಿ ಹೀರಿದ ಕಾಗದದ ಬಿಲ್ಲೆಗಳು) ಯಾವುದರ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ವೃತ್ತ ಎಲ್ಲಕ್ಕಿಂತ ದೊಡ್ಡದಾಗಿದೆಯೋ ಅದೇ ಅತಿ ಪ್ರಬಲ ಔಷಧಿ ಎಂದು ತೀರ್ಮಾನಿಸಿಬಿಡುತ್ತಾರೆ. ಕಣ್ಣಿಗೆ ಹಾಗೆ ಕಾಣುವುದು ಸಹಜವೇ. ಆದರೆ ಡಿಸ್ಕಿನಲ್ಲಿರುವ ಔಷಧಿಯ ಪ್ರಮಾಣವೂ ಅದು ಅಗರ್‌ನಲ್ಲಿ (ಪ್ಲೇಟಿನಲ್ಲಿರುವ ಜೆಲ್ಲಿಯಂಥ ಮಾಧ್ಯಮ) ಹರಡುವ ವೇಗವೂ ಒಂದೊಂದಕ್ಕೆ ಒಂದೊಂದು ರೀತಿ ಇರುವುದರಿಂದ, ಪ್ರತಿ ವೃತ್ತವನ್ನೂ ಅದರದೇ ಅಳತೆಗೆ ಹೋಲಿಸಿ ಓದಬೇಕಾಗುತ್ತದೆ. ಪ್ರಯೋಗಾಲಯಗಳಿಗೆ ಮಾನದಂಡ ರೂಪಿಸುವ ಅಮೆರಿಕದ ಸಿಎಲ್‌ಎಸ್‌ಐ ಸಂಸ್ಥೆಯ ಕೋಷ್ಟಕದ ಪ್ರಕಾರ ಪೆನಿಸಿಲಿನ್‌ಗೆ 27 ಮಿ.ಮೀ. ಬಂದರೆ ಆ ಬ್ಯಾಕ್ಟೀರಿಯಾ ನಿರೋಧಕ, ಅಂದರೆ ಔಷಧಿಗೆ ಮಣಿಯದ್ದು. ಸೆಫಾಕ್ಸಿಟಿನ್‌ಗೆ 24 ಮಿ.ಮೀ. ಬಂದರೆ ಔಷಧಿಗೆ ಮಣಿಯುವಂಥದ್ದು.

1966ರಲ್ಲಿ ಬಾವರ್, ಕರ್ಬಿ ಮತ್ತು ಸಂಗಡಿಗರು ಪ್ರಕಟಿಸಿದ ವಿಧಾನವೇ ಇಂದಿಗೂ ಇದರ ತಳಹದಿ. ಸಲೈನ್‌ನಲ್ಲಿ ಕಲಸಿದ ಬ್ಯಾಕ್ಟೀರಿಯಾ 0.5 ಮ್ಯಾಕ್‌ಫಾರ್ಲೆಂಡ್ (ದ್ರವದ ಮಬ್ಬನ್ನು ಅಳೆಯುವ ಮಾನ) ಮಬ್ಬಿಗೆ ಸಮನಾಗಿರಬೇಕು, ಮುಲ್ಲರ್-ಹಿಂಟನ್ ಅಗರ್ ಸುಮಾರು 4 ಮಿ.ಮೀ. ದಪ್ಪವಿರಬೇಕು, ಎರಡರಲ್ಲಿ ಯಾವುದು ಹೆಚ್ಚಾದರೂ ವೃತ್ತ ಕಿರಿದಾಗುತ್ತದೆ.

ಸೆಫಾಕ್ಸಿಟಿನ್ ಡಿಸ್ಕ್ ಇಡುವುದು ರೋಗಿಗೆ ಅದನ್ನೇ ಕೊಡಬೇಕೆಂದಲ್ಲ, ಮೆಥಿಸಿಲಿನ್‌ಗೆ ನಿರೋಧ ತರುವ ಮೆಕ್-ಎ ಜೀನ್ ಹೊತ್ತ ತಳಿಯನ್ನು ಪತ್ತೆ ಹಚ್ಚಲು. ವೃತ್ತ 21 ಮಿ.ಮೀ. ಅಥವಾ ಅದಕ್ಕಿಂತ ಕಿರಿದಾಗಿದ್ದರೆ ಅದು ಎಂಆರ್‌ಎಸ್‌ಎ, ಅಂದರೆ ಮೆಥಿಸಿಲಿನ್‌ಗೆ ಮಣಿಯದ ಸ್ಟ್ಯಾಫಿಲೊಕಾಕಸ್ ಆರಿಯಸ್. ಆಗ ಸೆಫ್ಟರೋಲಿನ್‌ನಂಥ ಒಂದೆರಡನ್ನು ಬಿಟ್ಟು ಉಳಿದ ಬೀಟಾ-ಲ್ಯಾಕ್ಟಮ್‌ಗಳೆಲ್ಲ (ಪೆನಿಸಿಲಿನ್, ಸೆಫಾಕ್ಸಿಟಿನ್ ಬಳಗದ ಔಷಧಿಗಳು), ಅವುಗಳ ವೃತ್ತ ಎಷ್ಟೇ ಅಗಲವಾಗಿದ್ದರೂ, ನಿಷ್ಫಲವೆಂದೇ ವರದಿ ಹೋಗಬೇಕು. ಇನ್‌ಕ್ಯುಬೇಟರ್‌ನ ಶಾಖ 35 ಡಿಗ್ರಿ ಮೀರಿದರೆ ಈ ನಿರೋಧ ಕಾಣದೆ ಹೋಗಬಹುದು.

ನನಗೆ ಎಲ್ಲಕ್ಕಿಂತ ಕುತೂಹಲಕರವೆನಿಸುವುದು ಡಿ-ಟೆಸ್ಟ್. ಎರಿತ್ರೊಮೈಸಿನ್ ಡಿಸ್ಕಿನ ಸುತ್ತ ಬ್ಯಾಕ್ಟೀರಿಯಾ ದಟ್ಟವಾಗಿ ಬೆಳೆದಿರುತ್ತದೆ, ಕ್ಲಿಂಡಾಮೈಸಿನ್ ಸುತ್ತ ಮಾತ್ರ ಅಗಲವಾದ ವೃತ್ತವಿರುತ್ತದೆ. ಅಷ್ಟಕ್ಕೇ ನಿಲ್ಲಿಸಿದರೆ ಕ್ಲಿಂಡಾಮೈಸಿನ್ ಕೊಡಬಹುದೆಂದು ಬರೆಯುತ್ತೇವೆ. ಆದರೆ ಎರಡೂ ಡಿಸ್ಕುಗಳನ್ನು 15ರಿಂದ 26 ಮಿ.ಮೀ. ಅಂತರದಲ್ಲಿಟ್ಟು ಮರುದಿನ ನೋಡಿದರೆ, ಕೆಲವು ತಳಿಗಳಲ್ಲಿ ಎರಿತ್ರೊಮೈಸಿನ್ ಕಡೆಗಿರುವ ಅಂಚು ಚಪ್ಪಟೆಯಾಗಿ, ಕ್ಲಿಂಡಾಮೈಸಿನ್‌ನ ವೃತ್ತವು ಇಂಗ್ಲಿಷಿನ ‘ಡಿ’ ಅಕ್ಷರದ ರೂಪ ತಾಳಿರುತ್ತದೆ. ಬ್ಯಾಕ್ಟೀರಿಯಾದ ಪ್ರೋಟೀನ್ ತಯಾರಿಸುವ ರೈಬೋಸೋಮನ್ನು ಮಾರ್ಪಡಿಸಿ ಎರಡೂ ಔಷಧಿಗಳಿಗೆ ಅಲ್ಲಿ ನೆಲೆ ಸಿಗದಂತೆ ಮಾಡುವ ಇಆರ್‌ಎಂ ಜೀನ್, ಎರಿತ್ರೊಮೈಸಿನ್ ತಾಗಿದ ಕಡೆಯಲ್ಲಷ್ಟೇ ಎಚ್ಚರಗೊಂಡಿರುವುದರ ಗುರುತು ಅದು. ಅಂಥ ತಳಿಯನ್ನು ಕ್ಲಿಂಡಾಮೈಸಿನ್‌ಗೂ ನಿರೋಧಕವೆಂದೇ ಬರೆಯಬೇಕು, ಏಕೆಂದರೆ ಚಿಕಿತ್ಸೆಯ ನಡುವೆ ಔಷಧಿ ಕೈಕೊಡುವ ಸಂಭವವಿದೆ.

ವ್ಯಾಂಕೊಮೈಸಿನ್ ವಿಷಯದಲ್ಲಿ ಡಿಸ್ಕನ್ನು ನೆಚ್ಚುವಂತೆಯೇ ಇಲ್ಲ. ಅದರ ದೊಡ್ಡ ಅಣು ಅಗರ್‌ನಲ್ಲಿ ನಿಧಾನವಾಗಿ ಸರಿಯುವುದರಿಂದ, ಮಣಿಯುವ ತಳಿಗೂ ಮಧ್ಯಮ ನಿರೋಧದ ತಳಿಗೂ ಹೆಚ್ಚುಕಡಿಮೆ ಒಂದೇ ಅಗಲದ ವೃತ್ತ ಬರುತ್ತದೆ. ದ್ರವ ಮಾಧ್ಯಮದಲ್ಲಿ ಔಷಧಿಯನ್ನು ಅರ್ಧಕ್ಕರ್ಧ ತಗ್ಗಿಸುತ್ತ ಹೋಗಿ, ಬೆಳವಣಿಗೆಯನ್ನು ತಡೆಯುವ ಕನಿಷ್ಠ ಪ್ರಮಾಣ ಮಿಲಿಲೀಟರ್‌ಗೆ 2 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಮಾತ್ರ ಔಷಧಿ ನಡೆಯುತ್ತದೆ ಎನ್ನಬಹುದು. ಬರೀ ಡಿಸ್ಕನ್ನು ನೋಡಿ ವ್ಯಾಂಕೊಮೈಸಿನ್ ಎದುರು ‘ಎಸ್’ (ಔಷಧಿಗೆ ಮಣಿಯುತ್ತದೆ) ಎಂದು ಬರೆದ ವರದಿಗಳು ಈಗಲೂ ಕಣ್ಣಿಗೆ ಬೀಳುತ್ತವೆ. ದ್ರವ ಮಾಧ್ಯಮದ ಪರೀಕ್ಷೆಗೆ ಅನುಕೂಲವಿಲ್ಲದಿದ್ದರೆ ಆ ಸಾಲನ್ನು ಖಾಲಿ ಬಿಟ್ಟು, ಮಾದರಿಯನ್ನು ಬೇರೆ ಪ್ರಯೋಗಾಲಯಕ್ಕೆ ಕಳಿಸುವುದೇ ಸರಿ ಎಂಬುದು ನನ್ನ ಅಭಿಪ್ರಾಯ.