ಆರು ಮಾರು ಆಳದಲ್ಲಿ

ನಮ್ಮ ಮನೆಯವರು ತಲೆಮಾರುಗಳಿಂದ ಸಮುದ್ರದ ಅನ್ನ ಉಂಡವರು. ಅಜ್ಜ ರಂಪಣಿ, ಅಂದರೆ ದಡದಿಂದ ಜನ ಸೇರಿ ಎಳೆಯುವ ದೊಡ್ಡ ಬಲೆ, ಎಳೆದವರು. ದೊಡ್ಡಪ್ಪ ಮೊದಲು ಗಾಳ, ಪಟ್ಟಬಲೆ, ಆಮೇಲೆ ಟ್ರಾಲ್ ಬೋಟು ಅಂತ ಆಯುಸ್ಸೆಲ್ಲ ನೀರಿನ ಮೇಲೇ ಕಳೆದರು. ಆದರೆ ನೀರಿನ ಒಳಗೆ ಏನಿದೆ ಅಂತ ಕಣ್ಣಾರೆ ಕಂಡವರು ನಮ್ಮಲ್ಲಿ ಯಾರೂ ಇರಲಿಲ್ಲ. ಬಲೆಯಲ್ಲಿ ಮೇಲೆ ಬಂದದ್ದಷ್ಟೇ ನಮಗೆ ಗೊತ್ತಿದ್ದ ಸಮುದ್ರ. ಬಂಡೆಗೆ ಮುಳುಗಿ ಪಚ್ಚಿಲೆ ಚಿಪ್ಪು ಕೀಳುವ ಹುಡುಗರು ಸ್ವಲ್ಪ ನೋಡಿರಬಹುದು. ಅದೂ ಉಸಿರು ಹಿಡಿದಷ್ಟು ಹೊತ್ತು ಮಾತ್ರ.

ಡಿಸೆಂಬರ್ ರಜೆಗೆ ಬೆಂಗಳೂರಿಂದ ಮಲ್ಪೆಗೆ ಬಂದಿದ್ದಾಗ ಸ್ಕೂಬಾ ಡೈವಿಂಗ್‌ಗೆ ಹೋಗೋಣ ಅಂದವರು ನನ್ನ ಗಂಡ. ಅವರು ಧಾರವಾಡದವರು, ಈಜು ಬರುವುದಿಲ್ಲ. ಮೊದಲ ಸಲ ಹೋಗುವವರಿಗೆ ಈಜು ಬರಲೇಬೇಕು ಅಂತಿಲ್ಲ, ಗೈಡ್ ಜೊತೆಗೇ ಇರುತ್ತಾರೆ, 12 ಮೀಟರ್‌ಗಿಂತ ಕೆಳಗೆ ಕರೆದುಕೊಂಡು ಹೋಗುವುದಿಲ್ಲ ಅಂತೆಲ್ಲ ಮೊದಲೇ ವಿಚಾರಿಸಿಟ್ಟಿದ್ದರು.

ಸ್ಕೂಬಾ ಅಂದರೆ ಸಾಮಾನ್ಯವಾಗಿ ಎಲ್ಲರೂ ಮುರುಡೇಶ್ವರಕ್ಕೆ ಹೋಗಿ ಅಲ್ಲಿಂದ ನೇತ್ರಾಣಿ ದ್ವೀಪಕ್ಕೆ ಹೋಗುತ್ತಾರೆ. ಅದು ದಡದಿಂದ ದೂರ, ನೀರು ತಿಳಿ. ನಮ್ಮ ಉಡುಪಿ ಕಡೆ ಸ್ವರ್ಣಾ, ಸೀತಾ, ಉದ್ಯಾವರ ಹೊಳೆಗಳು ಮಣ್ಣು ಹೊತ್ತು ತಂದು ಸಮುದ್ರಕ್ಕೆ ಸುರಿಯುತ್ತವೆ. ದಡದ ಹತ್ತಿರ ಅಷ್ಟು ತಿಳಿ ನೀರು ಸಿಗುವುದಿಲ್ಲ. ಆದರೂ ನನಗೆ ಕಾಪು ಕಡೆಗೇ ಹೋಗಬೇಕಿತ್ತು. ನಮ್ಮ ಮನೆಯವರು ಬಲೆ ಬಿಟ್ಟ ನೀರನ್ನೇ ನೋಡಬೇಕಿತ್ತು. ಮಳೆಗಾಲದ ಕೆಸರು ಇಳಿದು ಡಿಸೆಂಬರ್ ಹೊತ್ತಿಗೆ ನೀರು ಇದ್ದುದರಲ್ಲಿ ಚೆನ್ನಾಗಿರುತ್ತದೆ.

ದೊಡ್ಡಪ್ಪ ತಾವೂ ಬರುತ್ತೇನೆ ಅಂದರು. ನೀರಿಗೆ ಇಳಿಯುವುದಿಲ್ಲ, ಬೋಟಲ್ಲಿ ಸುಮ್ನೆ ಕೂತಿರುತ್ತೇನೆ ಅಂದರು. ನಾವು ಹೋಗಲಿದ್ದ ಬಂಡೆ ಅವರಿಗೆ ಚೆನ್ನಾಗಿ ಗೊತ್ತು. ಹರೆಯದಲ್ಲಿ ಅಲ್ಲಿ ಗಾಳ ಹಾಕಿ ಮುರು ಮೀನು ಹಿಡಿಯುತ್ತಿದ್ದರಂತೆ. ಬಲೆ ಮಾತ್ರ ಅದರ ಹತ್ತಿರ ಬಿಡುತ್ತಿರಲಿಲ್ಲ. ಬಂಡೆಗೆ ಸಿಕ್ಕಿಕೊಂಡರೆ ಹರಿದೇ ಹೋಗುತ್ತದೆ.

ಹೊರಡುವ ಮೊದಲು ಒಂದು ಅರ್ಜಿ ತುಂಬಿಸಿದರು. ಆಸ್ತಮಾ ಇದೆಯಾ, ಹೃದಯದ ತೊಂದರೆ ಇದೆಯಾ, ಕಿವಿಯ ಆಪರೇಷನ್ ಆಗಿದೆಯಾ, ಗರ್ಭಿಣಿಯಾ, ಹೀಗೆ. ಬೇರೆ ಕಡೆ ಇಂಥ ಕಾಗದಕ್ಕೆ ಓದದೇ ಸಹಿ ಹಾಕುತ್ತೇವಲ್ಲ, ಇಲ್ಲಿ ಹಾಗೆ ಬಿಡಲಿಲ್ಲ. ಗೈಡ್ ಒಂದೊಂದು ಸಾಲನ್ನೂ ಓದಿ ಹೇಳಿ ಉತ್ತರ ಕೇಳಿದ. ನಮ್ಮ ಜೊತೆ ಶಿವಮೊಗ್ಗದ ಕಾಲೇಜು ಹುಡುಗರು ಇದ್ದರು. ಅವರಲ್ಲಿ ಒಬ್ಬನಿಗೆ ನೆಗಡಿ. ಅವನನ್ನು ಇಳಿಸುವುದಿಲ್ಲ ಅಂದುಬಿಟ್ಟ. ಮೂಗು ಕಟ್ಟಿದ್ದರೆ ಕಿವಿಯ ಒಳಗಿನ ಒತ್ತಡ ಸರಿ ಮಾಡಿಕೊಳ್ಳಲು ಆಗುವುದಿಲ್ಲ, ತಮಟೆಗೇ ಪೆಟ್ಟಾಗಬಹುದು. ಹುಡುಗ ತುಂಬಾ ಗೋಗರೆದ. ಗೈಡ್ ದುಡ್ಡು ವಾಪಸ್ ಕೊಡಿಸಿದನೇ ಹೊರತು ಒಪ್ಪಲಿಲ್ಲ. ನನಗೆ ಅವನ ಮೇಲೆ ನಂಬಿಕೆ ಬಂದದ್ದು ಆ ಹೊತ್ತಲ್ಲೇ. ಡೈವಿಂಗ್‌ಗೆ ಹೋಗುವವರು ವಿಡಿಯೋ ಫ್ರೀ ಇದೆಯಾ ಅಂತ ಕೇಳುವುದಕ್ಕಿಂತ ಮೊದಲು ಇದನ್ನು ಗಮನಿಸಬೇಕು. ಬೇಡ ಅನ್ನಲು ಬರುವ ಗೈಡ್ ಇದ್ದಾನಾ ಅಂತ.

ಬೋಟು ಕಟ್ಟುವ ದಕ್ಕೆಯಿಂದ ಬೆಳಿಗ್ಗೆ ಬೇಗ ಹೊರಟೆವು. ಸಮುದ್ರ ಮಲಗಿದ ಹಾಗಿತ್ತು. ಬೋಟು ತೆಂಕು ದಿಕ್ಕಿಗೆ ತಿರುಗಿತು. ಸ್ವಲ್ಪ ಹೊತ್ತಿಗೆ ಕಾಪು ದೀಪಸ್ತಂಭದ ಕಪ್ಪು ಬಿಳಿ ಪಟ್ಟೆ ಕಾಣಿಸಿತು. 1901ರಲ್ಲಿ ಬಂಡೆಯ ಮೇಲೆ ಕಟ್ಟಿದ ದೀಪ ಅದು. ದೊಡ್ಡಪ್ಪನಿಗೆ ಅದು ಬರೀ ದೀಪ ಅಲ್ಲ, ಅಳತೆಗೋಲು. ದೀಪಸ್ತಂಭ ಮತ್ತು ಅದರ ಹಿಂದಿನ ಗುಡ್ಡದ ತುದಿ ಒಂದೇ ಗೆರೆಗೆ ಬರಬೇಕು. ಬಡಗಿನ ಕಡೆ ಇನ್ನೊಂದು ಗುರುತು ಇನ್ನೊಂದು ಮರದ ಗೆರೆಗೆ ಸೇರಬೇಕು. ಎರಡೂ ಗೆರೆ ಕೂಡುವ ಜಾಗದಲ್ಲಿ ಕೆಳಗೆ ಬಂಡೆ. ಈಗ ಎಲ್ಲ ಬೋಟಲ್ಲೂ ಜಿಪಿಎಸ್ ಇದೆ. ನಮ್ಮ ಬೋಟು ನಡೆಸುವವನೂ ಅದನ್ನೇ ನೋಡಿ ಬಂದ. ಲಂಗರು ಹಾಕಿದಾಗ ದೊಡ್ಡಪ್ಪ ದಡದ ಕಡೆ ಒಮ್ಮೆ, ಬಡಗಿಗೆ ಒಮ್ಮೆ ನೋಡಿ, "ಸರಿ ಉಂಟು, ಇಲ್ಲಿ ಆರು ಮಾರು" ಅಂದರು. ಗೈಡ್ ತನ್ನ ಕೈಗಡಿಯಾರದಂಥ ಯಂತ್ರ ತೋರಿಸಿ ಹತ್ತು ಹನ್ನೊಂದು ಮೀಟರ್ ಅಂದ. ಒಂದು ಮಾರು ಅಂದರೆ ಚಾಚಿದ ಎರಡು ಕೈಗಳ ಅಗಲ, ಸುಮಾರು ಆರು ಅಡಿ. ಎರಡೂ ಒಂದೇ ಲೆಕ್ಕ.

ಆ ಗೈಡ್ ಹುಡುಗ ಪಡುಬಿದ್ರಿ ಕಡೆಯವನು. ಮೊದಲು ಮೀನು ಹಿಡಿಯುವ ಪರ್ಸೀನ್ ಬೋಟಿಗೆ ಹೋಗುತ್ತಿದ್ದನಂತೆ. ಬೋಟಿನ ಅಂಚಲ್ಲಿ ಕೂರಿಸಿ ಪಾಠ ಹೇಳಿದ. ಬೆನ್ನಿಗೆ ಕಟ್ಟುವುದನ್ನು ಎಲ್ಲರೂ ಆಕ್ಸಿಜನ್ ಸಿಲಿಂಡರ್ ಅನ್ನುತ್ತಾರೆ, ಅಲ್ವಾ? ಅದರಲ್ಲಿರುವುದು ನಾವು ದಿನಾ ಉಸಿರಾಡುವ ಗಾಳಿಯೇ. ಸುಮಾರು 200 ಬಾರ್, ಅಂದರೆ ನಮ್ಮ ಸುತ್ತಲಿನ ಗಾಳಿಯ ಸುಮಾರು 200 ಪಟ್ಟು ಒತ್ತಡಕ್ಕೆ ಅದುಮಿ ತುಂಬಿರುತ್ತಾರೆ. ಬರೀ ಆಕ್ಸಿಜನ್ ಆದರೆ ಹತ್ತು ಮೀಟರ್ ಆಳದಲ್ಲಿ ಅದೇ ವಿಷ ಆಗುತ್ತದೆ. ಬಾಯಿಗೆ ಇಡುವ ಕೊಳವೆಯ ತುದಿಯಲ್ಲಿ ರೆಗ್ಯುಲೇಟರ್ ಇರುತ್ತದೆ. ನಾವು ಉಸಿರು ಎಳೆದಾಗ ಮಾತ್ರ, ಆ ಆಳಕ್ಕೆ ಬೇಕಾದ ಒತ್ತಡದಲ್ಲಿ ಗಾಳಿ ಕೊಡುತ್ತದೆ. 1943ರಲ್ಲಿ ಫ್ರಾನ್ಸಿನಲ್ಲಿ ಕುಸ್ಟೊ ಮತ್ತು ಗನ್ಯಾನ್ ಇಬ್ಬರೂ ಸೇರಿ ಮಾಡಿದ ಸಾಧನ ಇದಕ್ಕೆ ಮೂಲ.

ಅವನು ಮತ್ತೆ ಮತ್ತೆ ಹೇಳಿದ ಮಾತು ಒಂದೇ. ಉಸಿರು ಹಿಡಿಯಬೇಡಿ. ಪಚ್ಚಿಲೆ ಕೀಳುವವರು ಉಸಿರು ಹಿಡಿದು ಮುಳುಗುತ್ತಾರೆ, ಅವರಿಗೆ ಅದು ಸರಿ. ಅವರ ಎದೆಯಲ್ಲಿರುವುದು ಮೇಲಿಂದ ತಗೊಂಡು ಹೋದ ಗಾಳಿ. ನಾವು ಕೆಳಗೆ ಎಳೆಯುವುದು ಒತ್ತಡದ ಗಾಳಿ. ಹತ್ತು ಮೀಟರ್ ಕೆಳಗೆ ಒತ್ತಡ ಮೇಲಿನದರ ಎರಡು ಪಟ್ಟು. ಅಲ್ಲಿ ಎದೆ ತುಂಬ ಎಳೆದು, ಬಾಯಿ ಮುಚ್ಚಿ ಮೇಲೆ ಬಂದರೆ ಆ ಗಾಳಿ ಎರಡರಷ್ಟು ಹಿಗ್ಗಿ ಶ್ವಾಸಕೋಶವನ್ನೇ ಹರಿಯಬಹುದು. ಹೆದರಿ ಮೇಲೆ ನುಗ್ಗುವುದೇ ದೊಡ್ಡ ಅಪಾಯ ಅಂತ ನನ್ನ ಗಂಡನ ಮುಖ ನೋಡಿಯೇ ಹೇಳಿದ. ಹೆಬ್ಬೆರಳು ಮೇಲೆ ಮಾಡಿದರೆ ಚೆನ್ನಾಗಿದೆ ಅಂತಲ್ಲ, ಮೇಲೆ ಹೋಗೋಣ ಅಂತ. ಚೆನ್ನಾಗಿದ್ದರೆ ಹೆಬ್ಬೆರಳು ತೋರುಬೆರಳು ಸೇರಿಸಿ ಸೊನ್ನೆ. ತೊಂದರೆ ಇದ್ದರೆ ಅಂಗೈ ಅಲ್ಲಾಡಿಸಬೇಕು.

ಇಳಿದೆವು. ನೀರು ತಣ್ಣಗಿತ್ತು. ಲಂಗರಿನ ಹಗ್ಗ ಹಿಡಿದು ಒಂದೊಂದು ಕೈ ಕೆಳಗೆ. ಆಳಿನ ಎತ್ತರ ಇಳಿಯುವಷ್ಟರಲ್ಲೇ ಕಿವಿ ಹಿಂಡಿತು. ಮೂಗು ಒತ್ತಿ ಹಿಡಿದು ಮೆತ್ತಗೆ ಊದಿದೆ. ಕಿವಿಯೊಳಗೆ ಪುಟ್ ಅಂತು, ನೋವು ಹೋಯಿತು. ಮತ್ತೆ ಇಳಿದೆ, ಮತ್ತೆ ಊದಿದೆ. ನನ್ನ ಗಂಡನಿಗೆ ಒಂದು ಕಿವಿ ಬಿಡಲಿಲ್ಲ. ಅಂಗೈ ಅಲ್ಲಾಡಿಸಿದರು. ಅವರ ಜೊತೆಗಿದ್ದ ಗೈಡ್ ಒಂದು ಮೀಟರ್ ಮೇಲೆ ಕರೆದುಕೊಂಡು ಹೋಗಿ, ಅವರ ಎರಡೂ ಕೈ ಹಿಡಿದು, ಕಣ್ಣಲ್ಲಿ ಕಣ್ಣಿಟ್ಟು ಕಾದ. ಅವಸರ ಇಲ್ಲವೇ ಇಲ್ಲ. ಕೊನೆಗೆ ಅವರು ಸೊನ್ನೆ ತೋರಿಸಿದರು. ನೀರೆಂದರೆ ಮನೆಯ ಬಾವಿ, ಊರ ಕೆರೆ ಅಷ್ಟೇ ಗೊತ್ತಿದ್ದ ಮನುಷ್ಯ ಅರಬ್ಬಿ ಸಮುದ್ರದೊಳಗೆ ನೇತಾಡುತ್ತಾ ಸೊನ್ನೆ ತೋರಿಸಿದ್ದು ನೋಡಿ ನನಗೆ ಹೆಮ್ಮೆಯಾಯಿತು.

ನೀರು ಹಸಿರು. ನೇತ್ರಾಣಿಯ ಫೋಟೋಗಳಲ್ಲಿ ಕಾಣುವ ನೀಲಿ ಅಲ್ಲ. ಐದಾರು ಮೀಟರ್ ಆಚೆಗೆ ಮಬ್ಬು. ಕೈಗೆ ಕಟ್ಟಿದ್ದ ಕೆಂಪು ದಾರ ಕಂದು ಬಣ್ಣಕ್ಕೆ ತಿರುಗಿತ್ತು. ನೀರು ಮೊದಲು ನುಂಗುವುದು ಕೆಂಪನ್ನೇ. ಒಳಗೆ ಸದ್ದೇ ಇರುವುದಿಲ್ಲ ಅಂದುಕೊಂಡಿದ್ದೆ. ಹಾಗೇನಿಲ್ಲ. ನಮ್ಮ ಉಸಿರಿನ ಗುಳ್ಳೆ ಸದ್ದಿನ ಹಿಂದೆ ಇನ್ನೊಂದು ಸದ್ದು, ಬಾಣಲೆಯಲ್ಲಿ ಸಾಸಿವೆ ಸಿಡಿದಂತೆ ಚಟಚಟ. ಬಂಡೆಯ ಸಂದಿಯಲ್ಲಿ ಕೂತ ಪುಟಾಣಿ ಸಿಗಡಿಗಳು ಕೊಂಡಿ ಬಡಿಯುವ ಸದ್ದು ಅಂತ ಗೈಡ್ ಆಮೇಲೆ ಹೇಳಿದ. ದೂರದ ಯಾವುದೋ ಬೋಟಿನ ಎಂಜಿನ್ ಕೂಡ ಕೇಳಿಸಿತು. ನೀರಲ್ಲಿ ಸದ್ದು ಗಾಳಿಗಿಂತ ನಾಲ್ಕು ಪಟ್ಟಿಗೂ ಜಾಸ್ತಿ ವೇಗದಲ್ಲಿ ಬರುತ್ತದೆ. ಹಾಗಾಗಿ ಯಾವ ದಿಕ್ಕಿಂದ ಬಂತು ಅಂತ ಕಿವಿಗೆ ಗೊತ್ತೇ ಆಗುವುದಿಲ್ಲ.

ಬಂಡೆ ಕಾಣಿಸಿತು. ಮೈತುಂಬ ಚಿಪ್ಪು, ಪಾಚಿ, ಕಪ್ಪು ಮುಳ್ಳಿನ ಉಂಡೆಗಳು. ಹಳದಿ ಮೈಗೆ ಕಪ್ಪು ಪಟ್ಟೆಯ ಮೀನುಗಳು ನಮ್ಮನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ ತಿರುಗುತ್ತಿದ್ದವು. ಗೈಡ್ ನನ್ನ ಭುಜ ತಟ್ಟಿ ಒಂದು ಸಂದಿ ತೋರಿಸಿದ. ಒಳಗೆ ಒಂದು ಮುರು ಮೀನು. ಮೊಳದುದ್ದ ಕಂಡಿತು. ಮಾಸ್ಕ್ ಒಳಗಿಂದ ಎಲ್ಲವೂ ಮೂರನೇ ಒಂದರಷ್ಟು ದೊಡ್ಡದಾಗಿ ಕಾಣುತ್ತದೆ, ಹಾಗಾಗಿ ನಿಜಕ್ಕೂ ಮುಕ್ಕಾಲು ಮೊಳ ಇದ್ದಿರಬೇಕು. ಅದು ಬಾಯಿ ಅಗಲ ತೆರೆದು ನಿಂತಿತ್ತು. ಬೆರಳುದ್ದದ, ನೀಲಿ ಗೆರೆಯ ಒಂದು ಮೀನು ಅದರ ಬಾಯೊಳಗೆ ಹೋಯಿತು. ನಾನು ಅದರ ಕತೆ ಮುಗಿಯಿತು ಅಂದುಕೊಂಡೆ. ಅದು ಕಿವಿರಿನ ಪಕ್ಕದಿಂದ ಹೊರಗೆ ಬಂದು, ದೊಡ್ಡ ಮೀನಿನ ಕೆನ್ನೆ, ರೆಕ್ಕೆ ಎಲ್ಲ ಕಚ್ಚಿ ಕಚ್ಚಿ ನೋಡಿ, ಮತ್ತೆ ಬಾಯೊಳಗೆ ಹೋಯಿತು. ಮುರು ಮೀನು ಕದಲಲಿಲ್ಲ. ಮೈಗೆ ಅಂಟಿದ ಹುಳುಗಳನ್ನು ತಿಂದು ಚೊಕ್ಕ ಮಾಡುವುದೇ ಆ ಸಣ್ಣ ಮೀನಿನ ಕಸುಬು. ಚಿಕ್ಕಂದಿನಿಂದ ಮುರು ಮೀನು ತಿಂದು ಬೆಳೆದವಳು ನಾನು. ಅದು ಜೀವಂತ ಇದ್ದಾಗ ಹೇಗೆ ದಿನ ಕಳೆಯುತ್ತದೆ ಅಂತ ಅವತ್ತೇ ನೋಡಿದ್ದು.

ಬಂಡೆಯ ಇನ್ನೊಂದು ಬದಿಗೆ ಹೋದಾಗ ಬಲೆ ಕಂಡಿತು. ಹಳೇ ನೈಲಾನ್ ಬಲೆ. ಒಂದು ತುದಿ ಬಂಡೆಗೆ ಸುತ್ತಿಕೊಂಡಿತ್ತು, ಇನ್ನೊಂದು ತುದಿ ನೀರಿನ ಎಳೆತಕ್ಕೆ ತೂಗುತ್ತಿತ್ತು. ಅದರಲ್ಲಿ ಒಂದು ಏಡಿ. ಹಿಂದಿನ ಕಾಲುಗಳು ಬಲೆಯ ಕಣ್ಣಿನಲ್ಲಿ ಸಿಕ್ಕಿ, ಮುಂದಿನ ಕೊಂಡಿಗಳು ಮಾತ್ರ ಆಡುತ್ತಿದ್ದವು. ಪಕ್ಕದಲ್ಲಿ ಒಂದು ಮೀನಿನ ಮುಳ್ಳು, ಮಾಂಸ ಎಲ್ಲ ಹೋಗಿ ಬರೀ ಮುಳ್ಳು. ಆ ಮೀನನ್ನು ತಿನ್ನಲು ಬಂದ ಏಡಿ ಇದು. ಏಡಿ ಸತ್ತರೆ ಅದನ್ನು ತಿನ್ನಲು ಇನ್ನೊಂದು ಬರುತ್ತದೆ. ಹಿಡಿದವರಿಗೂ ಇಲ್ಲ, ತಿಂದವರಿಗೂ ಇಲ್ಲ, ಬಲೆ ಮಾತ್ರ ತನ್ನ ಪಾಡಿಗೆ ಮೀನು ಹಿಡಿಯುತ್ತಲೇ ಇತ್ತು. ನಾನು ಕೈ ಚಾಚಿದೆ. ಗೈಡ್ ತಡೆದ. ಹೊಸಬರು ಬಲೆಗೆ ಕೈ ಹಾಕಿ ತಾವೇ ಸಿಕ್ಕಿಕೊಂಡರೆ ಕಷ್ಟ. ತಾನೇ ಸೊಂಟದ ಚೂರಿ ತೆಗೆದು ನಾಲ್ಕು ಎಳೆ ಕತ್ತರಿಸಿದ. ಏಡಿ ಒಂದು ಕಾಲು ಅಲ್ಲೇ ಬಿಟ್ಟು ಅಡ್ಡಡ್ಡ ಓಡಿತು.

ಮೇಲೆ ಬಂದು ಎಲ್ಲರನ್ನೂ ಬೋಟಿಗೆ ಹತ್ತಿಸಿದ ಮೇಲೆ ಗೈಡ್ ಮತ್ತು ಅವನ ಜೊತೆಗಾರ ಇನ್ನೊಂದು ಸಿಲಿಂಡರ್ ಹಾಕಿಕೊಂಡು ಮತ್ತೆ ಇಳಿದರು. ಇದಕ್ಕೆ ಅವರಿಗೆ ಯಾರೂ ದುಡ್ಡು ಕೊಡುವುದಿಲ್ಲ. ಶಿವಮೊಗ್ಗದ ಹುಡುಗರು, ನಾವು ಎಲ್ಲ ಸುಮ್ಮನೆ ಗುಳ್ಳೆ ನೋಡುತ್ತಾ ಕೂತೆವು. ಅವರು ಬಲೆಯ ಒಂದು ದೊಡ್ಡ ಗಂಟನ್ನು ಹಗ್ಗಕ್ಕೆ ಕಟ್ಟಿ ಮೇಲೆ ಕಳಿಸಿದರು. ಕೆಸರು ವಾಸನೆ, ಅದರೊಳಗೆ ಚಿಪ್ಪುಗಳು.

ದೊಡ್ಡಪ್ಪ ಅದನ್ನು ತೊಡೆ ಮೇಲೆ ಹಾಕಿಕೊಂಡರು. ಬಲೆಯ ಕಣ್ಣಿಗೆ ಬೆರಳು ತೂರಿಸಿ ಅಳೆದರು. "ಪಟ್ಟಬಲೆ. ಪಾಪ, ಯಾರದ್ದೋ" ಅಂದರು. ಆ ಪಾಪ ಅನ್ನುವ ಮಾತು ನನ್ನ ಮನಸ್ಸಿಗೆ ತಾಗಿತು. ಸಮುದ್ರ ಹಾಳಾಯಿತು ಅಂದಾಗೆಲ್ಲ ಮೀನುಗಾರರನ್ನು ಬೈಯುವವರೇ ಜಾಸ್ತಿ. ಬಲೆಯನ್ನು ಯಾರೂ ಬೇಕು ಅಂತ ಎಸೆಯುವುದಿಲ್ಲ. ಅದು ಸಾಲ ಮಾಡಿ ತಂದ ಬಂಡವಾಳ. ಗಾಳಿ ಎದ್ದಾಗ ಬಂಡೆಗೆ ಸಿಕ್ಕಿಕೊಂಡರೆ, ಬೋಟು ಉಳಿಸಿಕೊಳ್ಳಲು ಕತ್ತರಿಸಿ ಬರಬೇಕಾಗುತ್ತದೆ. ಅವತ್ತಿನ ಮೀನೂ ಹೋಯಿತು, ಬಲೆಯೂ ಹೋಯಿತು. ಅಜ್ಜನ ಕಾಲದಲ್ಲಿ ಹತ್ತಿ ನೂಲಿನ ಬಲೆ ಇತ್ತಂತೆ. ಮರದ ತೊಗಟೆ ಕುದಿಸಿದ ನೀರಲ್ಲಿ ಅದ್ದಿ ಒಣಗಿಸುತ್ತಿದ್ದರು. ಹಾಗೆ ಮಾಡಿದರೂ ಬೇಗ ಕೊಳೆಯುತ್ತಿತ್ತು. ಅದೇ ಬಲೆ ಕಳೆದುಹೋದರೆ ಸಮುದ್ರದಲ್ಲೇ ಕರಗುತ್ತಿತ್ತು. ನೈಲಾನ್ ಬಂದ ಮೇಲೆ ಬಲೆ ಬಾಳಿಕೆ ಬಂತು, ಮೀನುಗಾರನ ಕಷ್ಟ ಎಷ್ಟೋ ಕಡಿಮೆ ಆಯಿತು. ಅದೇ ಗಟ್ಟಿತನದಿಂದ ಕಳೆದುಹೋದ ಬಲೆ ವರ್ಷಗಟ್ಟಲೆ ಕೆಳಗೆ ಉಳಿಯುತ್ತದೆ.

ಬೋಟಲ್ಲಿ ಕಾಲೇಜು ಹುಡುಗ ಒಬ್ಬ, ಮುಂದಿನ ಸಲ ಬ್ರೆಡ್ ತರಬಹುದಾ, ಮೀನು ಹತ್ತಿರ ಬಂದರೆ ವಿಡಿಯೋ ಚೆನ್ನಾಗಿರುತ್ತದೆ ಅಂದ. ಗೈಡ್ ಬೇಡ ಅಂದ. ನಾನೂ ಅದನ್ನೇ ಹೇಳುತ್ತೇನೆ. ಬಂಡೆಯ ಪಾಚಿ ತಿನ್ನಬೇಕಾದ ಮೀನು ಬ್ರೆಡ್‌ಗೆ ಕಾಯುತ್ತಾ ಕೂತರೆ ಪಾಚಿ ತಿನ್ನುವವರು ಯಾರು? ಮುಟ್ಟುವುದೂ ಬೇಡ, ಚಿಪ್ಪು ಕಿತ್ತು ತರುವುದೂ ಬೇಡ. ಇಷ್ಟು ಶಿಸ್ತು ಇಟ್ಟುಕೊಂಡು ನಮ್ಮ ಕರಾವಳಿಯವರು, ಅದರಲ್ಲೂ ಮೀನುಗಾರರ ಮಕ್ಕಳು, ಒಮ್ಮೆಯಾದರೂ ಕೆಳಗೆ ಇಳಿದು ನೋಡಬೇಕು ಅಂತ ನನಗೆ ತುಂಬಾ ಆಸೆ. ದಕ್ಕೆಯಲ್ಲಿ ಹರಿದ ಬಲೆ ಕೊಡಲು ಒಂದು ಜಾಗ, ಬಲೆ ಎಲ್ಲಿ ಕಳೆಯಿತು ಅಂತ ಬರೆಸಲು ಒಂದು ಪುಸ್ತಕ ಇದ್ದರೆ ಸಾಕು. ಬಲೆ ತೆಗೆಯುವ ಈ ಗೈಡ್‌ನಂಥ ಹುಡುಗರಿಗೆ ಎಲ್ಲಿ ಇಳಿಯಬೇಕು ಅಂತ ಗೊತ್ತಾಗುತ್ತದೆ.

ಮಂಗಳೂರಿಂದ ಆ ಸಂಜೆಯ ವಿಮಾನಕ್ಕೆ ಹೋಗಬೇಕಿದ್ದ ಒಬ್ಬರು ಬೋಟಲ್ಲೇ ಟಿಕೆಟ್ ಮರುದಿನಕ್ಕೆ ಬದಲಾಯಿಸಿಕೊಂಡರು. ಡೈವಿಂಗ್ ಆದ ಮೇಲೆ ಕಡಿಮೆ ಅಂದರೂ 12 ಗಂಟೆ ವಿಮಾನ ಹತ್ತಬಾರದು. ನನ್ನ ಗಂಡ ಕಿವಿ ಉಜ್ಜುತ್ತಾ, ಮುಂದಿನ ರಜೆಯೊಳಗೆ ಈಜು ಕಲಿತು ಬರುತ್ತೇನೆ ಅಂದರು.

ಬೋಟು ವಾಪಸ್ ತಿರುಗಿದಾಗ ದೊಡ್ಡಪ್ಪ ಗೈಡನ್ನು ಹತ್ತಿರ ಕರೆದರು. ಇದರ ಪಡುವಣಕ್ಕೆ ಇನ್ನೊಂದು ಕಲ್ಲು ಉಂಟು, ಎಂಟು ಮಾರು, ಅಲ್ಲಿ ಬಲೆ ಸಿಕ್ಕಿಕೊಂಡವರು ಸುಮಾರು ಜನ ಅಂದರು. ದೀಪಸ್ತಂಭ ಎಲ್ಲಿ ಬರಬೇಕು, ಗುಡ್ಡ ಎಲ್ಲಿ ಬರಬೇಕು ಅಂತ ಕೈ ಚಾಚಿ ತೋರಿಸಿದರು. ಅವನು ಮೊಬೈಲಲ್ಲಿ ಗುರುತು ಹಾಕಿಕೊಂಡು ಬೋಟು ನಡೆಸುವವನನ್ನು ಕೂಗಿದ. ಅವನು ವೇಗ ಇಳಿಸಿ, ಪಡುವಣಕ್ಕೆ ತಿರುಗಿಸಲಾ ಅಂತ ಕೇಳಿದ. ನಮಗೆ ಯಾರಿಗೂ ಅವಸರ ಇರಲಿಲ್ಲ, ಹೋಗಿ ನೋಡಿಯೇ ಬರೋಣ ಅಂದೆವು.